‘ಡ್ಯೂಟಿ’ ಎಂಬ ಶಬ್ದದ ವಿಚಾರ



ಶ್ರಾವಣಮಾಸದ ಈ ಸಂಜೆಯ ಪ್ರವಚನಗಳಲ್ಲಿ ನಾವು ಶಾಸ್ತ್ರದ ಒಂದು ವಿಷಯವನ್ನೋ ಶರಣರ ಚರಿತ್ರೆಯ ಒಂದು ಪ್ರಸಂಗವನ್ನೋ ಎತ್ತಿಕೊಂಡು ವಿಚಾರ ಮಾಡುವುದು ವಾಡಿಕೆ. ಇಂದು ಒಂದು ಇಂಗ್ಲಿಷ್ ಶಬ್ದವನ್ನು ಎತ್ತಿಕೊಂಡಿದ್ದೇವೆ. ಪಾಠಶಾಲೆಯಲ್ಲಿ ಅಮರಕೋಶ, ಕೌಮುದಿಗಳನ್ನು ಓದಿದ ಸ್ವಾಮಿಗಳಿಗೆ ಇಂಗ್ಲಿಷಿನ ಗೊಡವೆ ಏಕೆ ಎಂದು ನಿಮ್ಮಲ್ಲಿ ಕೆಲವರು ಮನಸ್ಸಿನಲ್ಲೇ ನಗುತ್ತಿರಬಹುದು. ಆದರೆ ನಾವು ಹೇಳಹೊರಟಿರುವ ಶಬ್ದ ಈಗ ಇಂಗ್ಲಿಷರದಾಗಿ ಮಾತ್ರ ಉಳಿದಿಲ್ಲ. ಅಕ್ಷರ ಬಾರದ ಅಜ್ಜಿಯೂ ಅದನ್ನು ಆಡುತ್ತಾಳೆ. ಮೊಮ್ಮಗನೆಲ್ಲಿ ಎಂದು ಕೇಳಿದರೆ, “ಡ್ಯೂಟಿಗೆ ಹೋಗ್ಯಾನ್ರಿ” ಎನ್ನುತ್ತಾಳೆ. ಆ ಶಬ್ದವೇ ‘ಡ್ಯೂಟಿ’.

ಇದನ್ನು ನಾವು ಎಷ್ಟು ಬಗೆಯಾಗಿ ಬಳಸುತ್ತೇವೆ ನೋಡಿ. ಬಸ್ಸಿನ ನಿರ್ವಾಹಕರು, “ನನ್ನ ಡ್ಯೂಟಿ ರಾತ್ರಿ ಹತ್ತಕ್ಕೆ ಮುಗಿಯುತ್ತದೆ” ಎಂದರೆ ಅಲ್ಲಿ ಅದಕ್ಕೆ ಪಾಳಿ ಎಂದು ಅರ್ಥ. ಹೊಲ ಕೊಂಡವನು ನೋಂದಣಿ ಕಚೇರಿಯಿಂದ ಬಂದು, “ಸ್ಟಾಂಪ್ ಡ್ಯೂಟಿಯೇ ಇಷ್ಟಾಯಿತು” ಎಂದು ಗೊಣಗಿದರೆ ಅಲ್ಲಿ ಅದಕ್ಕೆ ಶುಲ್ಕ ಎಂದು ಅರ್ಥ. ಶಾಲೆಯ ಗುರುಗಳು ಮಕ್ಕಳಿಗೆ, “ತಂದೆತಾಯಿಗಳನ್ನು ನೋಡಿಕೊಳ್ಳುವುದು ನಿಮ್ಮ ಡ್ಯೂಟಿ” ಎಂದಾಗ ಅದು ಕರ್ತವ್ಯ. ನೀರೆತ್ತುವ ಪಂಪಿನ ಮೇಲೆ ‘ಹೆವಿ ಡ್ಯೂಟಿ’ ಎಂದು ಬರೆದಿದ್ದರೆ, ಎಷ್ಟು ಹೊರೆ ಬಿದ್ದರೂ ತಾಳುವಂಥದ್ದು ಎಂದರ್ಥ. ಕಾಯ್ದೆಗಳನ್ನು ಕನ್ನಡಿಸುವ ಪಂಡಿತರೂ ಈ ಒಂದು ಶಬ್ದಕ್ಕೆ ಒಂದೇ ಕನ್ನಡ ಮಾತನ್ನು ಇಡಲಾರರು. ದಸ್ತಾವೇಜಿನಲ್ಲಿ ಅದು ಮುದ್ರಾಂಕ ಶುಲ್ಕ. ಸಂವಿಧಾನದಲ್ಲಿ ಅದೇ ಮೂಲಭೂತ ಕರ್ತವ್ಯ. ಬಂದರಿನಲ್ಲಿ ಅದು ಸುಂಕ.

ಒಂದು ಶಬ್ದಕ್ಕೆ ಹಲವು ಅರ್ಥಗಳಿರುವುದು ಆಶ್ಚರ್ಯವಲ್ಲ. ನಮ್ಮ ಸಂಸ್ಕೃತದಲ್ಲಿ ‘ಹರಿ’ ಎಂಬ ಒಂದೇ ಶಬ್ದಕ್ಕೆ ವಿಷ್ಣು, ಸಿಂಹ, ಕುದುರೆ, ಕಪಿ, ಸೂರ್ಯ ಎಂದು ಕೋಶಕಾರರು ಸಾಲು ಸಾಲಾಗಿ ಅರ್ಥಗಳನ್ನು ಕೊಟ್ಟಿದ್ದಾರೆ. ಆದರೆ ಕೆಲವು ಶಬ್ದಗಳಲ್ಲಿ ಹಲವು ಅರ್ಥಗಳು ಒಂದೇ ಬೇರಿನಿಂದ ಹೊರಟ ಕೊಂಬೆಗಳಾಗಿರುತ್ತವೆ. ಅಂಥಲ್ಲಿ ಬೇರನ್ನು ಮರೆತು ಒಂದು ಕೊಂಬೆಯನ್ನು ಮಾತ್ರ ಹಿಡಿದರೆ ಬಾಳಿನಲ್ಲಿಯೇ ಎಡವಟ್ಟಾಗುತ್ತದೆ. ‘ಡ್ಯೂಟಿ’ ಅಂಥ ಶಬ್ದ. ಅದರ ಬೇರನ್ನು ಮೊದಲು ನೋಡೋಣ.

ಇಂಗ್ಲಿಷಿನಲ್ಲಿ ‘ಡ್ಯೂ’ ಎಂದರೆ ಸಲ್ಲತಕ್ಕದ್ದು, ಬಾಕಿ. ಸೊಸೈಟಿಯ ಸಾಲದ ಕಂತಿಗೆ ‘ಡ್ಯೂ’ ದಿನಾಂಕವಿರುವುದು ರೈತರಿಗೆಲ್ಲ ಗೊತ್ತು. ಆ ‘ಡ್ಯೂ’ದಿಂದ ಹುಟ್ಟಿದ್ದು ‘ಡ್ಯೂಟಿ’. ಸಾಲಕ್ಕೆ ಅವರು ಹೇಳುವ ‘ಡೆಟ್’ ಎಂಬ ಶಬ್ದವೂ ಇದೇ ಮನೆತನದ್ದು. ಎಲ್ಲಕ್ಕೂ ಮೂಲ ಲ್ಯಾಟಿನ್ ಭಾಷೆಯ ‘ದೇಬೇರೆ’ ಎಂಬ ಧಾತು. ಅದನ್ನು ಬಿಡಿಸಿದರೆ ‘ದೇ’ ಎಂದರೆ ಇನ್ನೊಬ್ಬರಿಂದ, ‘ಹಬೇರೆ’ ಎಂದರೆ ಹೊಂದಿರುವುದು. ಇನ್ನೊಬ್ಬರದ್ದು ತನ್ನ ಕೈಯಲ್ಲಿರುವುದು ಎಂದು ತಾತ್ಪರ್ಯ. ಇದನ್ನು ನೆನಪಿನಲ್ಲಿಡಿ, ಕೊನೆಯಲ್ಲಿ ಈ ಮಾತಿಗೇ ಬರುತ್ತೇವೆ. ‘ಡೆಟ್’ ಎಂದು ಬರೆಯುವಾಗ ಇಂಗ್ಲಿಷರು ನಡುವೆ ‘ಬಿ’ ಎಂಬ ಒಂದು ಅಕ್ಷರವನ್ನು ಬರೆಯುತ್ತಾರೆ, ಆದರೆ ಉಚ್ಚರಿಸುವುದಿಲ್ಲ. ಲ್ಯಾಟಿನ್ ಮೂಲದ ಗುರುತು ಇರಲೆಂದು ಅವರ ಪಂಡಿತರು ಅದನ್ನು ಆಮೇಲೆ ಸೇರಿಸಿದರು. ನಮ್ಮ ಅನೇಕರ ಸಾಲದ ಗತಿಯೂ ಹೀಗೆಯೇ ಇದೆ. ಬರೆದದ್ದು ಖಾತೆಯಲ್ಲಿರುತ್ತದೆ, ಬಾಯಲ್ಲಿ ಮಾತ್ರ ಬರುವುದಿಲ್ಲ!

ಕರ್ತವ್ಯಕ್ಕೂ ಸಾಲಕ್ಕೂ ಇರುವ ಈ ನಂಟು ಪಾಶ್ಚಾತ್ಯರಿಗೆ ಮಾತ್ರ ಹೊಳೆದದ್ದೆಂದು ತಿಳಿಯಬೇಡಿ. ‘ಕರ್ತವ್ಯ’ ಎಂಬಲ್ಲಿ ‘ಕೃ’ ಧಾತುವಿನ ಮೇಲೆ ‘ತವ್ಯ’ ಎಂಬ ಪ್ರತ್ಯಯ ಬಂದಿದೆ. ಇಂಥ ಪ್ರತ್ಯಯಗಳಿಗೆ ವ್ಯಾಕರಣದಲ್ಲಿ ಕೃತ್ಯಪ್ರತ್ಯಯಗಳೆಂದು ಹೆಸರು. ಇವು ಯಾವ ಯಾವ ಅರ್ಥದಲ್ಲಿ ಬರುತ್ತವೆಂದು ಹೇಳುತ್ತ ಪಾಣಿನಿ ಮಹರ್ಷಿಗಳು ಅಷ್ಟಾಧ್ಯಾಯಿಯ ಮೂರನೆಯ ಅಧ್ಯಾಯದಲ್ಲಿ ಎರಡು ಅರ್ಥಗಳನ್ನು ಒಟ್ಟಿಗೆ ಇಟ್ಟಿದ್ದಾರೆ. ಒಂದು ಆವಶ್ಯಕ, ಅಂದರೆ ತಪ್ಪದೆ ಮಾಡಬೇಕಾದದ್ದು. ಇನ್ನೊಂದು ಆಧಮರ್ಣ್ಯ, ಅಂದರೆ ಸಾಲಗಾರನಾಗಿರುವಿಕೆ. ಕೊಟ್ಟವನು ಉತ್ತಮರ್ಣ, ತಂದವನು ಅಧಮರ್ಣ. ಎರಡಕ್ಕೂ ಒಂದೇ ಪ್ರತ್ಯಯ. ಇಷ್ಟು ದೂರ ಹೋಗುವುದೂ ಬೇಡ, ನಮ್ಮ ಕನ್ನಡವನ್ನೇ ನೋಡಿ. “ಅವನು ನನಗೆ ನೂರು ರೂಪಾಯಿ ಕೊಡಬೇಕು” ಎಂದರೆ ಅವನ ಮೇಲೆ ನನ್ನ ಸಾಲವಿದೆ ಎಂದು ಅರ್ಥ. “ಹಸಿದವನಿಗೆ ಅನ್ನ ಕೊಡಬೇಕು” ಎಂದರೆ ಅದು ಧರ್ಮ. ‘ಕೊಡಬೇಕು’ ಎಂಬ ಮಾತು ಎರಡು ಕಡೆಯೂ ಒಂದೇ. ಸಾಲದ ‘ಬೇಕು’ ನಮಗೆ ನಿದ್ದೆಗೆಡಿಸುತ್ತದೆ. ಧರ್ಮದ ‘ಬೇಕು’ ಹಾಗೆ ನಿದ್ದೆಗೆಡಿಸುವುದಿಲ್ಲ. ಏಕೆಂದರೆ ಅದಕ್ಕೆ ವಸೂಲಿಗೆ ಬರುವವರಿಲ್ಲ.

ಈಗ ಒಂದೊಂದೇ ಅರ್ಥವನ್ನು ವಿಚಾರಿಸೋಣ. ಮೊದಲನೆಯದು ಸುಂಕ.

ಸುಂಕ ಎಂಬುದು ಸಂಸ್ಕೃತದ ‘ಶುಲ್ಕ’ ಶಬ್ದದ ತದ್ಭವ. ಹಿಂದೆ ಊರ ಬಾಗಿಲಿನಲ್ಲಿ, ದಾರಿಯ ಕಟ್ಟೆಯಲ್ಲಿ, ನದಿಯ ಕಡವಿನಲ್ಲಿ ಸುಂಕದವನು ಕೂರುತ್ತಿದ್ದ. ಬೆಂಗಳೂರಿನಲ್ಲಿ ಸುಂಕದಕಟ್ಟೆ ಎಂಬ ಹೆಸರೇ ಇಂದಿಗೂ ಉಳಿದಿದೆ. ನಮ್ಮ ಪಟ್ಟಣಗಳ ಹೆಬ್ಬಾಗಿಲಲ್ಲಿ ಗಾಡಿ ನಿಲ್ಲಿಸಿ ವಸೂಲು ಮಾಡುತ್ತಿದ್ದ ಆಕ್ಟ್ರಾಯ್ ಸುಂಕ 1979ರಲ್ಲಿ ರದ್ದಾಯಿತು. 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆ ಬಂದು ಬಹಳಷ್ಟು ಸುಂಕಗಳು ಅದರೊಳಗೆ ಸೇರಿಹೋದವು. ಆದರೂ ಹೊರದೇಶದ ಸರಕಿನ ಮೇಲೆ, ಮದ್ಯದ ಮೇಲೆ, ದಸ್ತಾವೇಜಿನ ಮೇಲೆ ‘ಡ್ಯೂಟಿ’ ಎಂಬ ಹೆಸರು ನಿಂತಿದೆ.

ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣನವರು ಎಂಬೊಬ್ಬ ಮಹನೀಯರಿದ್ದರು. ಸುಂಕ ವಸೂಲಿಯೇ ಅವರ ಕಾಯಕ. ಅವರ ವಚನಗಳಲ್ಲಿಯೂ ಸುಂಕದ ಕಟ್ಟೆಯ ಪರಿಭಾಷೆ ಆಧ್ಯಾತ್ಮದ ಪರಿಭಾಷೆಯಾಗಿ ತಿರುಗಿದೆ. ಇಂಗ್ಲಿಷಿನ ಎರಡು ಅರ್ಥಗಳನ್ನೂ ಕೂಡಿಸಿ ಹೇಳುವುದಾದರೆ, ಅವರ ಡ್ಯೂಟಿಯೇ ಡ್ಯೂಟಿ ವಸೂಲು ಮಾಡುವುದು. ಲೋಕದಲ್ಲಿ ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳುವುದು ವ್ಯರ್ಥವೆಂದು ಗಾದೆಯೇ ಹುಟ್ಟಿಕೊಂಡಿದೆ. ಅಂಥ ನಿಷ್ಠುರವಾದ, ಲಂಚದ ಆಸೆಗೆ ಹತ್ತಿರವಾದ ವೃತ್ತಿಯಲ್ಲಿದ್ದೂ ಶರಣರ ಸಾಲಿನಲ್ಲಿ ನಿಲ್ಲಬಹುದೆಂಬುದಕ್ಕೆ ಬಂಕಣ್ಣನವರೇ ಪ್ರಮಾಣ. ಸ್ವತಃ ಬಸವಣ್ಣನವರೂ ಕಲ್ಯಾಣದ ಭಂಡಾರದ ಹೊಣೆ ಹೊತ್ತವರೇ ಅಲ್ಲವೆ?

ಇಲ್ಲಿ ವರ್ತಕ ಬಂಧುಗಳು ಬಹಳ ಜನ ಕುಳಿತಿದ್ದೀರಿ. ಆದುದರಿಂದ ಒಂದು ಮಾತನ್ನು ನಿಷ್ಠುರವಾಗಿ ಹೇಳುತ್ತೇವೆ. ಹೊಲ ಮಾರುವಾಗ ಕ್ರಯಪತ್ರದಲ್ಲಿ ಒಂದು ಬೆಲೆ, ಕೈಯಲ್ಲಿ ಎಣಿಸಿಕೊಳ್ಳುವುದು ಇನ್ನೊಂದು ಬೆಲೆ. ಅಂಗಡಿಯಲ್ಲಿ ಕೇಳಿದವರಿಗೆ ಬಿಲ್ಲು, ಕೇಳದವರಿಗೆ ಬಿಳಿ ಚೀಟಿ. ಹೀಗೆ ಉಳಿಸಿದ್ದರಲ್ಲಿ ಒಂದು ಪಾಲನ್ನು ತಂದು ಮಠಕ್ಕೆ ಕಾಣಿಕೆ ಇಟ್ಟು, ದಾಸೋಹಕ್ಕೆ ಅಕ್ಕಿ ಮೂಟೆ ಕೊಟ್ಟು, ಪುಣ್ಯ ಬಂತೆಂದು ಸಮಾಧಾನಪಟ್ಟುಕೊಳ್ಳುವವರುಂಟು. ಅದು ದಾಸೋಹವಾಗುವುದಿಲ್ಲ. ರಸ್ತೆಗೆ, ಆಸ್ಪತ್ರೆಗೆ, ಬಡವರ ಮಕ್ಕಳ ಶಾಲೆಗೆ ಸಲ್ಲಬೇಕಾದದ್ದನ್ನು ತಡೆದು ಗುರುವಿಗೆ ಕೊಟ್ಟರೆ, ಒಬ್ಬರದ್ದನ್ನು ಕಸಿದು ಇನ್ನೊಬ್ಬರಿಗೆ ಕೊಟ್ಟಂತೆಯೇ ಸರಿ. ಸತ್ಯಶುದ್ಧ ಕಾಯಕದಿಂದ ಬಂದದ್ದು ಮಾತ್ರ ಲಿಂಗಾರ್ಪಿತಕ್ಕೆ ಯೋಗ್ಯವೆಂದು ಶರಣರು ಕಟ್ಟಪ್ಪಣೆ ಮಾಡಿದ್ದಾರೆ. ನಮ್ಮ ಮಠದ ಕಾಣಿಕೆಯ ಪೆಟ್ಟಿಗೆಗೂ ಈ ಅಪ್ಪಣೆ ಅನ್ವಯಿಸುತ್ತದೆ.

ಹಾಗಾದರೆ ಗಾಂಧೀಜಿಯವರು ಸುಂಕ ಕೊಡಬೇಡಿರೆಂದು ಹೇಳಲಿಲ್ಲವೆ ಎಂದು ಒಬ್ಬ ತರುಣರು ನಮ್ಮನ್ನು ಕೇಳಿದ್ದುಂಟು. ಒಳ್ಳೆಯ ಪ್ರಶ್ನೆ. ಉಪ್ಪಿನ ಮೇಲೆ ಬ್ರಿಟಿಷ್ ಸರ್ಕಾರ ಹಾಕಿದ್ದ ‘ಡ್ಯೂಟಿ’ಯನ್ನು ಮುರಿಯುವುದೇ ತಮ್ಮ ‘ಡ್ಯೂಟಿ’ ಎಂದು ಅವರು 1930ರ ಮಾರ್ಚ್ 12ರಂದು ಸಾಬರಮತಿಯಿಂದ ಹೊರಟು, ಏಪ್ರಿಲ್ 6ರಂದು ದಂಡಿಯ ಕಡಲತಡಿಯಲ್ಲಿ ಉಪ್ಪೆತ್ತಿದರು. ಅದೇ ತಿಂಗಳು ನಮ್ಮ ಅಂಕೋಲೆಯಲ್ಲಿಯೂ ಉಪ್ಪಿನ ಸತ್ಯಾಗ್ರಹ ನಡೆಯಿತು. ಒಂದೇ ಶಬ್ದದ ಎರಡು ಅರ್ಥಗಳು ಎದುರುಬದುರಾಗಿ ನಿಂತ ಸಂದರ್ಭವದು. ಆದರೆ ಅವರು ಮುಂಚಿತವಾಗಿ ವೈಸರಾಯರಿಗೆ ಪತ್ರ ಬರೆದು, ಹಗಲು ಹೊತ್ತಿನಲ್ಲಿ, ಎಲ್ಲರ ಕಣ್ಣ ಮುಂದೆ ಮುರಿದರು, ಸೆರೆಮನೆಯನ್ನೂ ಸ್ವೀಕರಿಸಿದರು. ಎರಡು ಲೆಕ್ಕದ ಪುಸ್ತಕ ಇಟ್ಟುಕೊಂಡು ಸುಂಕ ತಪ್ಪಿಸುವವನು ಅವರ ಹೆಸರನ್ನು ಎತ್ತಲಾಗದು.

ಎರಡನೆಯ ಅರ್ಥ ಪಾಳಿ. ಹೊತ್ತಿಗೆ ಸರಿಯಾಗಿ ಹೋಗುವುದು, ಹೊತ್ತಾದ ಮೇಲೆ ಬರುವುದು. ಇದನ್ನು ನಾವು ಹಗುರವಾಗಿ ಕಾಣುವುದಿಲ್ಲ. ದುಡಿಯುವವನ ಹೊತ್ತಿಗೆ ಒಂದು ಮಿತಿ ಬೇಕೆಂಬುದು ಬಹಳ ಹೋರಾಟದ ಮೇಲೆ ಬಂದ ನ್ಯಾಯ. ನಮ್ಮ ದೇಶದ 1948ರ ಕಾರ್ಖಾನೆ ಕಾಯ್ದೆ ವಾರಕ್ಕೆ 48 ಗಂಟೆಗಿಂತ ಹೆಚ್ಚು ದುಡಿಸಕೂಡದೆಂದು ವಿಧಿಸಿತು. ಕೆಲವು ಧಣಿಗಳು ಆಳುಗಳನ್ನು ಹೊತ್ತು ಮೀರಿ ದುಡಿಸಿ, ಕೂಲಿ ಕೇಳಿದಾಗ ಶರಣರ ಕಾಯಕತತ್ತ್ವವನ್ನು ಉಪದೇಶಿಸುತ್ತಾರೆಂದು ಕೇಳಿದ್ದೇವೆ. ಇದು ತತ್ತ್ವಕ್ಕೆ ಮಾಡುವ ಅಪಚಾರ. ಕಾಯಕ ದುಡಿಯುವವನು ತನಗೆ ತಾನೇ ಹಾಕಿಕೊಂಡ ವ್ರತ. ಅದನ್ನು ಇನ್ನೊಬ್ಬರ ಬೆನ್ನ ಮೇಲೆ ಬಾರುಕೋಲಾಗಿ ಬಳಸಲು ಯಾರಿಗೂ ಅಧಿಕಾರವಿಲ್ಲ.

ಆದರೆ ಪಾಳಿಯಲ್ಲಿ ಇರಬೇಕಾದ ಹೊತ್ತಿನಲ್ಲಿ ನಾವು ನಿಜವಾಗಿ ಇರುತ್ತೇವೆಯೆ? ಹಾಜರಿ ಪುಸ್ತಕದಲ್ಲಿ ಸಹಿ ಇರುತ್ತದೆ, ಕುರ್ಚಿಯ ಬೆನ್ನಿಗೆ ಕೋಟು ತೂಗುತ್ತಿರುತ್ತದೆ, ಸಾಹೇಬರು ಮಾತ್ರ ಇರುವುದಿಲ್ಲ. ಶರೀರ ಇದ್ದರೂ ಮನಸ್ಸು ಕೈಯಲ್ಲಿರುವ ಮೊಬೈಲಿನಲ್ಲಿರುತ್ತದೆ. ನುಲಿಯ ಚಂದಯ್ಯನವರ ಪ್ರಸಂಗ ನೀವೆಲ್ಲ ಬಲ್ಲಿರಿ. ಹುಲ್ಲು ಕೊಯ್ದು, ಹಗ್ಗ ಹೊಸೆದು, ಮಾರಿ, ಬಂದದ್ದರಲ್ಲಿ ಜಂಗಮದಾಸೋಹ ಮಾಡುವುದು ಅವರ ನೇಮ. ಒಂದು ದಿನ ಕೆರೆಯಲ್ಲಿ ಹುಲ್ಲು ಕೊಯ್ಯುತ್ತಿರುವಾಗ ಇಷ್ಟಲಿಂಗ ಜಾರಿ ನೀರಿಗೆ ಬಿತ್ತು. ಅವರು ಕೆಲಸ ನಿಲ್ಲಿಸಲಿಲ್ಲ. ಹುಲ್ಲಿನ ಹೊರೆ ಕಟ್ಟಿಕೊಂಡು ಹೊರಟಾಗ ಲಿಂಗವೇ ಅವರನ್ನು ಹಿಂಬಾಲಿಸಿತೆಂದು ಶರಣಚರಿತ್ರೆ ಹೇಳುತ್ತದೆ. ಲಿಂಗವನ್ನು ಅಲಕ್ಷ್ಯ ಮಾಡಬಹುದೆಂದು ಇದರ ಅರ್ಥವಲ್ಲ. ಕಾಯಕದಲ್ಲಿ ಪೂರ್ಣವಾಗಿ ನೆಲೆನಿಂತವನಿಗೆ ಲಿಂಗದ ಸಾನ್ನಿಧ್ಯ ಅಲ್ಲಿಯೇ ಇದೆ ಎಂಬುದು ಇದರ ಅರ್ಥ. ಆಸ್ಪತ್ರೆಯ ದಾದಿ ಪಾಳಿ ಮುಗಿದು ಮನೆಗೆ ಹೋಗಲಿ, ಮಕ್ಕಳಿಗೆ ಉಣಬಡಿಸಲಿ, ತಪ್ಪೇನೂ ಇಲ್ಲ. ಇದ್ದ ಎಂಟು ಗಂಟೆ ರೋಗಿಯ ಹಾಸಿಗೆಯ ಬಳಿ ಮನಸ್ಸಿಟ್ಟು ಇದ್ದಳೆಂದರೆ ಅವಳ ಪಾಳಿಯೇ ಪೂಜೆಯಾಯಿತು.

ಮೂರನೆಯ ಅರ್ಥ ಋಣ. ಇದು ಬೇರಿಗೆ ಅತ್ಯಂತ ಹತ್ತಿರವಾದದ್ದು. ನಾವು ಬೇಗ ಮರೆತದ್ದೂ ಇದನ್ನೇ.

ಸುಂಕಕ್ಕೆ ರಸೀದಿ ಇದೆ. ಕೊಟ್ಟರೆ ಮುಗಿಯಿತು. ಪಾಳಿಗೆ ಗಂಟೆ ಇದೆ. ಬಾರಿಸಿದರೆ ಮುಗಿಯಿತು. ಋಣಕ್ಕೆ ರಸೀದಿಯೂ ಇಲ್ಲ, ಗಂಟೆಯೂ ಇಲ್ಲ. ಇಂದು ನಮ್ಮ ಮನೆಗಳಲ್ಲಿ ಆಗುತ್ತಿರುವ ತೊಂದರೆ ಏನೆಂದರೆ, ಋಣವನ್ನು ನಾವು ಸುಂಕದಂತೆ ಕಟ್ಟುತ್ತಿದ್ದೇವೆ, ಪಾಳಿಯಂತೆ ಮುಗಿಸುತ್ತಿದ್ದೇವೆ.

ಕೆಲವು ತಿಂಗಳ ಹಿಂದೆ ಒಬ್ಬ ವೃದ್ಧ ತಾಯಿ ದರ್ಶನಕ್ಕೆ ಬಂದಿದ್ದರು. ಮಗ ದೂರದ ನಗರದಲ್ಲಿ ದೊಡ್ಡ ನೌಕರಿಯಲ್ಲಿದ್ದಾರೆ. ತಿಂಗಳ ಒಂದನೆಯ ತಾರೀಖು ತಪ್ಪದೆ ಬ್ಯಾಂಕಿಗೆ ಹಣ ಬರುತ್ತದೆ. ಮನೆಗೆಲಸಕ್ಕೆ ಆಳು ಇಟ್ಟಿದ್ದಾರೆ. ಔಷಧಿ ಮನೆಗೇ ಬರುತ್ತದೆ. ಇಷ್ಟೆಲ್ಲ ಹೇಳಿ ಆ ತಾಯಿ, “ಅಜ್ಜಾರ, ರೊಕ್ಕಕ್ಕ ಏನೂ ಕಡಿಮಿ ಇಲ್ರಿ. ಫೋನ್ ಮಾಡಿ ಒಮ್ಮೆ ಬಂದು ಹೋಗಪಾ ಅಂದ್ರ, ನನ್ನ ಡ್ಯೂಟಿ ನಾ ಮಾಡೇನಲ್ಲವ್ವಾ ಅಂತಾನ್ರಿ” ಎಂದರು. ಅತ್ತು ಹೇಳಲಿಲ್ಲ. ಮಗನನ್ನು ಬೈಯಲೂ ಇಲ್ಲ. ಆ ಶಬ್ದದ ಅರ್ಥವೇನೆಂದು ನಮ್ಮನ್ನೇ ಕೇಳಿದರು. “ಡ್ಯೂಟಿ ಅಂದ್ರ ಏನ್ರಿ ಅಜ್ಜಾರ?” ಇಂದಿನ ಪ್ರವಚನ ಆ ತಾಯಿಯ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನವೇ ಆಗಿದೆ.

ಆ ಮಗ ಕೆಟ್ಟವನೆಂದು ನಾವು ಹೇಳುವುದಿಲ್ಲ. ಹಣವನ್ನೂ ಕಳಿಸದ ಮಕ್ಕಳಿದ್ದಾರೆ. ಅಂಥವರಿಗಾಗಿಯೇ 2007ರಲ್ಲಿ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯ್ದೆ ಬಂದಿತು. ತಮ್ಮನ್ನು ತಾವು ಪೋಷಿಸಿಕೊಳ್ಳಲಾರದ ತಂದೆತಾಯಿ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು, ಮಂಡಳಿ ತಿಂಗಳಿಗೆ 10,000 ರೂಪಾಯಿ ಮೀರದಂತೆ ಜೀವನಾಂಶ ಗೊತ್ತುಮಾಡಬಹುದು ಎಂದು ಅದರಲ್ಲಿ ಹೇಳಿತು. ಹೆತ್ತವರು ಮಕ್ಕಳ ಮೇಲೆ ಅರ್ಜಿ ಬರೆಯುವ ಕಾಲ ಬಂತಲ್ಲಾ ಎಂದು ವ್ಯಥೆಯಾಗುತ್ತದೆ. ಆದರೂ ದಿಕ್ಕಿಲ್ಲದವರಿಗೆ ಅಂಥದೊಂದು ಆಸರೆ ಬೇಕು. ಆದರೆ ಕಾಯ್ದೆ ಅಳೆಯಬಲ್ಲದ್ದು ಹಣವನ್ನು ಮಾತ್ರ. ಋಣವನ್ನು ಸುಂಕದ ಅಳತೆಗೆ ಇಳಿಸಿದ ಮೇಲೆಯೇ ಅದು ಕಾಯ್ದೆಯ ಕೈಗೆ ಸಿಗುತ್ತದೆ. ತಾಯಿಯ ಹತ್ತಿರ ಕುಳಿತು ಒಂದು ಹೊತ್ತು ಉಣ್ಣಬೇಕೆಂದು ಯಾವ ಮಂಡಳಿಯೂ ಆಜ್ಞೆ ಮಾಡಲಾರದು.

ಋಣದ ವಿಚಾರ ನಮ್ಮಲ್ಲಿ ಬಹಳ ಹಳೆಯದು. ಬ್ರಾಹ್ಮಣನು ಋಷಿಗಳಿಗೆ, ದೇವತೆಗಳಿಗೆ, ಪಿತೃಗಳಿಗೆ ಋಣಿಯಾಗಿಯೇ ಹುಟ್ಟುತ್ತಾನೆಂದು ತೈತ್ತಿರೀಯ ಸಂಹಿತೆ ಹೇಳಿತು; ಅಧ್ಯಯನ, ಯಜ್ಞ, ಸಂತಾನಗಳನ್ನು ಅವುಗಳ ತೀರುವಳಿಯೆಂದು ವಿಧಿಸಿತು. ಶತಪಥ ಬ್ರಾಹ್ಮಣ ಮನುಷ್ಯರ ಋಣವನ್ನೂ ಸೇರಿಸಿ, ಅದಕ್ಕೆ ಅತಿಥಿಸತ್ಕಾರವನ್ನು ಹೇಳಿತು. ಶರಣರು ಬಂದು ಈ ವಿಚಾರದ ದಿಕ್ಕನ್ನೇ ತಿರುಗಿಸಿದರು. ಯಜ್ಞದಿಂದ ತೀರಿಸಿಕೊಂಡು ಕೈತೊಳೆದುಕೊಳ್ಳುವ ದಾರಿಯನ್ನು ಅವರು ಒಪ್ಪಲಿಲ್ಲ. ಕಣ್ಣೆದುರಿಗೆ ನಡೆದಾಡುವ ಜಂಗಮದಲ್ಲಿ, ಹಸಿದು ಬಂದವನಲ್ಲಿ ಶಿವನನ್ನು ಕಂಡು ದಿನದಿನವೂ ನೀಡುವ ದಾಸೋಹವನ್ನು ಮುಂದಿಟ್ಟರು. ಸಾಲ ತೀರಿಸುವವನ ಮುಖದಲ್ಲಿ ಭಾರವಿರುತ್ತದೆ. ದಾಸೋಹ ಮಾಡುವವನ ಮುಖದಲ್ಲಿ ನಗುವಿರುತ್ತದೆ. ನಾನು ಕೊಟ್ಟೆನೆಂಬ ಅಹಂಕಾರ ಅಲ್ಲಿರುವುದಿಲ್ಲ, ಸ್ವೀಕರಿಸಿದರಲ್ಲಾ ಎಂಬ ಧನ್ಯತೆ ಇರುತ್ತದೆ.

ಇಂಗ್ಲಿಷರ ಚರಿತ್ರೆಯಲ್ಲಿಯೂ ‘ಡ್ಯೂಟಿ’ ಎಂಬ ಶಬ್ದಕ್ಕೆ ಬಹಳ ಗೌರವವಿದೆ. 1805ರ ಅಕ್ಟೋಬರ್ 21ರಂದು ಟ್ರಫಾಲ್ಗರ್ ಕಡಲಯುದ್ಧದ ದಿನ ಅವರ ಸೇನಾಪತಿ ನೆಲ್ಸನ್ ತನ್ನ ಹಡಗುಗಳಿಗೆಲ್ಲ ಬಾವುಟಗಳ ಮೂಲಕ ಕೊಟ್ಟ ಸಂದೇಶದಲ್ಲಿ ಈ ಶಬ್ದವಿತ್ತು. ಪ್ರತಿಯೊಬ್ಬನಿಂದಲೂ ನಾಡು ಅದನ್ನು ನಿರೀಕ್ಷಿಸುತ್ತದೆ ಎಂದು ಅದರ ಭಾವ. ಅದೇ ದಿನ ಗುಂಡೇಟು ತಿಂದು ಸಾಯುವಾಗ, ತನ್ನ ಕರ್ತವ್ಯವನ್ನು ಮಾಡಿದೆನೆಂದು ದೇವರನ್ನು ನೆನೆದು ಆತ ಪ್ರಾಣ ಬಿಟ್ಟನೆಂದು ಹೇಳುತ್ತಾರೆ. ಅದೂ ‘ನನ್ನ ಡ್ಯೂಟಿ ಮಾಡಿದ್ದೇನೆ’ ಎಂಬ ಮಾತೇ. ಪ್ರಾಣ ಕೊಟ್ಟು ಆಡುವ ಮಾತನ್ನು ನಾವು ತಿಂಗಳ ಒಂದನೆಯ ತಾರೀಖಿಗೆ ಆಡುತ್ತಿದ್ದೇವೆ! ನಮ್ಮ ಸಂವಿಧಾನಕ್ಕೂ 1976ರಲ್ಲಿ ನಲವತ್ತೆರಡನೆಯ ತಿದ್ದುಪಡಿಯ ಮೂಲಕ ಹತ್ತು ಮೂಲಭೂತ ಕರ್ತವ್ಯಗಳು ಸೇರಿದವು. 2002ರಲ್ಲಿ ಹನ್ನೊಂದನೆಯದು ಸೇರಿತು. 6ರಿಂದ 14 ವರ್ಷದ ಮಕ್ಕಳಿಗೆ ಓದುವ ಅವಕಾಶ ಮಾಡಿಕೊಡುವುದು ತಂದೆತಾಯಿಗಳ ಕರ್ತವ್ಯವೆಂಬುದೇ ಆ ಹನ್ನೊಂದನೆಯದು. ಹಕ್ಕುಗಳ ಪಟ್ಟಿ ಬಾಯಿಪಾಠವಿರುವವರಲ್ಲಿ ಎಷ್ಟು ಜನಕ್ಕೆ ಈ ಪಟ್ಟಿ ಗೊತ್ತು?

ಈಗ ಆರಂಭದಲ್ಲಿ ನೆನಪಿಡಲು ಹೇಳಿದ ಮಾತಿಗೆ ಬರೋಣ. ಇನ್ನೊಬ್ಬರದ್ದು ನನ್ನ ಕೈಯಲ್ಲಿದೆ ಎಂಬುದೇ ‘ಡ್ಯೂಟಿ’ಯ ಬೇರು. ಶರಣರು ತನು, ಮನ, ಧನಗಳನ್ನು ಗುರು, ಲಿಂಗ, ಜಂಗಮಕ್ಕೆ ಅರ್ಪಿಸಿರೆಂದು ಹೇಳಿದ್ದು ಇದೇ ಕಾರಣಕ್ಕೆ. ತನು ತಂದೆತಾಯಿ ಕೊಟ್ಟದ್ದು. ಮನಕ್ಕೆ ಮಾತು ಕಲಿಸಿದ್ದು ಗುರು. ಧನವು ದುಡಿಯುವ ಸಾವಿರ ಕೈಗಳಿಂದ ಹಾದು ಬಂದದ್ದು. ಇದರಲ್ಲಿ ನಮ್ಮದೆಂದು ಬೇರೆಯಾಗಿ ತೆಗೆದಿಡುವಂಥದ್ದು ಏನಿದೆ? ಇರುವುದೆಲ್ಲ ಇನ್ನೊಬ್ಬರದ್ದೇ ಆದಾಗ ಸಲ್ಲಿಸುವುದು ಎಂದು ಮುಗಿದೀತು?

ಆಯ್ದಕ್ಕಿ ಲಕ್ಕಮ್ಮನವರನ್ನು ನೆನೆಯಿರಿ. ಪತಿ ಮಾರಯ್ಯನವರು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದರು. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ, ಈ ಆಸೆ ನಮಗೇಕೆ, ಮರಳಿ ಅಲ್ಲಿಯೇ ಸುರಿದು ಬನ್ನಿರೆಂದು ಆ ತಾಯಿ ಕಳಿಸಿದರು. ಮನೆಯಲ್ಲಿ ಗಳಿಗೆ ಅಕ್ಕಿಯಿಲ್ಲದ ಬಡವರು ಅವರು. ಆದರೂ ಯಾವುದು ತಮ್ಮದು, ಯಾವುದು ಇನ್ನೊಬ್ಬರಿಗೆ ಸಲ್ಲತಕ್ಕದ್ದು ಎಂಬ ಲೆಕ್ಕ ಅವರಿಗೆ ಚೆನ್ನಾಗಿ ಗೊತ್ತಿತ್ತು. ಯಾವ ಅಧಿಕಾರಿಯೂ ಆ ಮನೆಗೆ ತಪಾಸಣೆಗೆ ಬರುವಂತಿರಲಿಲ್ಲ.

ಆದುದರಿಂದ ಭಕ್ತರೇ, ನಾವು ನಿಮಗೆ ಕೊಡುವ ಅಪ್ಪಣೆ ಇಷ್ಟೇ. ಸುಂಕವನ್ನು ಸುಂಕದಂತೆ ಕೊಡಿ, ಒಂದು ಪೈಸೆಯನ್ನೂ ಬಚ್ಚಿಡಬೇಡಿ. ಪಾಳಿಯನ್ನು ಪಾಳಿಯಂತೆ ಮಾಡಿ, ಇದ್ದಷ್ಟು ಹೊತ್ತು ಮನಸ್ಸಿಟ್ಟು ಇರಿ. ಋಣವನ್ನು ಮಾತ್ರ ಇವೆರಡರ ಲೆಕ್ಕಕ್ಕೆ ಸೇರಿಸಬೇಡಿ. ನಿತ್ಯ ಸಂಜೆ ಲಿಂಗಪೂಜೆಗೆ ಕುಳಿತಾಗ, ಅಂಗೈಯಲ್ಲಿ ಇಷ್ಟಲಿಂಗವಿರುವಾಗ, ‘ಇಂದು ಯಾರಿಗೆ ಏನು ಕೊಡಬೇಕಾಗಿತ್ತು?’ ಎಂದು ಒಂದು ಕ್ಷಣ ಕೇಳಿಕೊಳ್ಳಿ. ಹಣ ಮಾತ್ರವೇ ನೆನಪಿಗೆ ಬಂದರೆ ಇನ್ನೊಮ್ಮೆ ಕೇಳಿಕೊಳ್ಳಿ. ಬರೆಯಬೇಕಾದ ಒಂದು ಪತ್ರ, ಆಡಬೇಕಾದ ಒಂದು ಮಾತು, ಹೋಗಿ ಬರಬೇಕಾದ ಒಂದು ಊರು ನೆನಪಿಗೆ ಬಂದೀತು. ನೆನಪಾದದ್ದನ್ನು ಮರುದಿನವೇ ಮಾಡಿ.

ಕಾಯಕದಲ್ಲಿ ನಿಷ್ಠೆಯೂ ದಾಸೋಹದಲ್ಲಿ ಸಂತೋಷವೂ ನಿಮ್ಮೆಲ್ಲರಿಗೂ ಲಭಿಸಲಿ. ನಿಮ್ಮ ಮನೆಗಳಲ್ಲಿ ಹಿರಿಯರು ನಗುನಗುತ್ತ ಬಾಳಲಿ. ಎಲ್ಲರಿಗೂ ಸನ್ಮಂಗಳವಾಗಲೆಂದು ಹರಸಿ ನಮ್ಮ ಮಾತುಗಳನ್ನು ಮುಗಿಸುತ್ತೇವೆ.